12 ವರ್ಷದ ದೇವಕಣಗಿಲೆ ಹೊಸ ಮನೆಗೆ ಬರುತ್ತಾ?

ಪ್ರಶ್ನೆ: ಹಳೇ ಮನೆ ಮಾರುತ್ತಿದ್ದೇವೆ. ಗೇಟಿನ ಪಕ್ಕ 12 ವರ್ಷದ ದೇವಕಣಗಿಲೆ ಮರ ಇದೆ, ಹತ್ತಡಿ ಎತ್ತರ. ಬುಡಸಮೇತ ಕಿತ್ತು ಹೊಸ ಸೈಟಿನಲ್ಲಿ ನೆಟ್ಟರೆ ಬದುಕುತ್ತಾ? ಮಳೆಗಾಲದ ತನಕ ಕಾಯಬೇಕಾ?

ಉತ್ತರ: ಬದುಕುತ್ತದೆ. ಮಳೆಗಾಲಕ್ಕೆ ಮಾತ್ರ ಕಾಯಬೇಡಿ.

ಇದೇ ಪ್ರಶ್ನೆ ಸಂಪಿಗೆ ಮರದ ಬಗ್ಗೆ ಬಂದಿದ್ದರೆ "ಸುಮ್ನೆ ಹೊಸ ಸಸಿ ತನ್ನಿ" ಅಂತಿದ್ದೆ. ಸಂಪಿಗೆಯ ಬೇರು ಏಟು ತಡೆಯುವುದಿಲ್ಲ. ದೇವಕಣಗಿಲೆ ಹಾಗಲ್ಲ. ಹೆಸರಲ್ಲಿ ದೇವರಿದ್ದರೂ ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ದಪ್ಪ ಕೊಂಬೆಗಳಲ್ಲಿ ನೀರು ಕೂಡಿಟ್ಟುಕೊಂಡು, ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗಿ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಆ ಬೋಳು ದಿನಗಳೇ.

ಕಿತ್ತು ನೆಟ್ಟ ಮರ ಹೆಚ್ಚಾಗಿ ಸಾಯುವುದು ಬಾಯಾರಿ. ನೀರು ಹೀರುವ ಕೂದಲಿನಂಥ ಬೇರುಗಳು ಬುಡದಿಂದ ದೂರ ಇರುತ್ತವೆ. ಅಗೆದಾಗ ಅವು ಹಳೇ ಜಾಗದಲ್ಲೇ ಉಳಿದುಹೋಗುತ್ತವೆ. ಮೇಲಿನ ಎಲೆಗಳು ಮಾತ್ರ ಮೊದಲಿನಷ್ಟೇ ನೀರು ಕೇಳುತ್ತಿರುತ್ತವೆ. ಎಲೆಯೇ ಇಲ್ಲದಾಗ ಕಿತ್ತರೆ ಆ ಕಾಟ ಕಡಿಮೆ. ಹಾಗಾಗಿ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯ ಚಿಗುರು ಒಡೆಯುವ ಮುಂಚೆ ಕೆಲಸ ಮುಗಿಯಬೇಕು.

ಕೈಯಲ್ಲಿ ಮೂರು ತಿಂಗಳಿದ್ದರೆ ಒಂದು ಕೆಲಸ ಮಾಡಿ. ಬುಡದ ಸುತ್ತ ಅರ್ಧ ಸುತ್ತಿಗೆ ಮಾತ್ರ, ಗುದ್ದಲಿ ಅಗಲದ ಕಾಲುವೆ ತೋಡಿ. ಸಿಕ್ಕ ಬೇರನ್ನು ಗರಗಸದಲ್ಲಿ ನೀಟಾಗಿ ಕತ್ತರಿಸಿ, ಮರಳು ಬೆರೆಸಿದ ಮಣ್ಣು ತುಂಬಿ. ಆರು ವಾರ ಬಿಟ್ಟು ಉಳಿದರ್ಧ. ಕತ್ತರಿಸಿದ ಕಡೆ ಹೊಸ ಸಣ್ಣ ಬೇರು ಒಡೆದಿರುತ್ತದೆ, ಅವು ಮರದ ಜೊತೆಗೇ ಬರುತ್ತವೆ.

ಎಷ್ಟು ದೂರದಲ್ಲಿ ಅಗೆಯಬೇಕು? ಕಾಂಡಕ್ಕೆ ಟೇಪು ಸುತ್ತಿ. 16 ಇಂಚು ಬಂದರೆ ದಪ್ಪ ಸುಮಾರು 5 ಇಂಚು. ಸಾಮಾನ್ಯ ಲೆಕ್ಕದಲ್ಲಿ ಮಣ್ಣಿನ ಉಂಡೆ ಕಾಂಡದ ಹತ್ತು ಪಟ್ಟು, ಅಂದರೆ 4 ಅಡಿ ಅಗಲ ಇರಬೇಕು. ಅಷ್ಟು ಅಗಲ, 2 ಅಡಿ ಆಳ ತೆಗೆದರೆ ತೂಕ ಒಂದು ಟನ್ ಹತ್ತಿರ ಹೋಗುತ್ತದೆ. ದೇವಕಣಗಿಲೆಗೆ 3 ಅಡಿ ಅಗಲ, ಒಂದೂವರೆ ಅಡಿ ಆಳ ಸಾಕು. ಅದೂ 400ರಿಂದ 500 ಕೆಜಿ ಆಗುತ್ತೆ! ನಾಲ್ಕು ಜನ ಎತ್ತಿಬಿಡುತ್ತೇವೆ ಅಂದರೆ ನಂಬಬೇಡಿ, ಜೆಸಿಬಿಗೆ ಹೇಳಿ.

ಹಿಂದಿನ ದಿನ ಬುಡಕ್ಕೆ ನೀರು ಬಿಟ್ಟಿದ್ದರೆ ಮಣ್ಣು ಉದುರುವುದಿಲ್ಲ. ಉಂಡೆಗೆ ಗೋಣಿತಾಟು ಸುತ್ತಿ, ತೆಂಗಿನ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿಸಿ. ಎತ್ತುವ ಬೆಲ್ಟು ಉಂಡೆಯ ಅಡಿಗೆ ಹೋಗಲಿ, ಕಾಂಡಕ್ಕೆ ಹಾಕಬೇಡಿ. ಇದರ ಸಿಪ್ಪೆ ಮೆತ್ತಗೆ, ಸುಲಿದುಹೋಗುತ್ತದೆ. ಕೊಂಬೆ ಮುರಿದಾಗ ಬರುವ ಹಾಲು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

ಹೊಸ ಗುಂಡಿಗೆ ಮೊದಲೇ ನೀರು ತುಂಬಿಸಿ ನೋಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಬೇಡ, ಇಲ್ಲವೇ ದಿಬ್ಬ ಮಾಡಿ ನೆಡಿ. ಹಳೇ ಮಣ್ಣಿನ ಗುರುತು ಹೊಸ ನೆಲದ ಮಟ್ಟಕ್ಕೇ ಬರಬೇಕು. ಮೂರು ಕಡೆ ಗೂಟ ಹೊಡೆದು ಆಸರೆ ಕೊಡಿ.

ಇನ್ನು ನೀರು. ಬೇರೆ ಮರ ಬಾಯಾರಿ ಸತ್ತರೆ, ದೇವಕಣಗಿಲೆ ಹೆಚ್ಚಾಗಿ ಹೋಗುವುದು ನೀರು ಜಾಸ್ತಿಯಾಗಿ. ನಾನು ಮೊದಲ ಸಲ ದೇವಕಣಗಿಲೆ ಕಿತ್ತು ನೆಟ್ಟದ್ದು ಜೂನ್‌ನಲ್ಲಿ. ಗುಂಡಿಗೆ ಎರಡು ಬಾಂಡ್ಲಿ ಹಸಿ ಗೊಬ್ಬರ ಸುರಿದೆ. ಮಳೆ ಬಿಡುವು ಕೊಟ್ಟ ದಿನ ನಾನೇ ಎರಡು ಬಿಂದಿಗೆ ನೀರು ಹಾಕುತ್ತಿದ್ದೆ. ಮೂರನೇ ವಾರ ಕಾಂಡ ಒತ್ತಿದರೆ ಹೆಬ್ಬೆರಳು ಒಳಕ್ಕೆ ಹೋಯಿತು, ಕಂದು ನೀರು ಒಸರಿತು. ಗಾಯವಾದ ಬೇರು ಒದ್ದೆಯಲ್ಲಿ ಕೊಳೆತು, ಕೊಳೆ ಮೇಲಕ್ಕೆ ಏರಿತ್ತು. ಮಳೆಗಾಲ ಬೇಡ ಅಂದದ್ದು ಅದಕ್ಕೇ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ. ಆಮೇಲೆ ಎರಡಿಂಚು ಕೆಳಗಿನ ಮಣ್ಣು ಒಣಗಿದರೆ ಮಾತ್ರ. ಗೊಬ್ಬರ ಚಿಗುರು ಬಂದ ಮೇಲೆ. ಕೊಂಬೆ ಸ್ವಲ್ಪ ಸುಕ್ಕಾದರೆ ಗಾಬರಿ ಬೇಡ, ಕೂಡಿಟ್ಟ ನೀರು ಖರ್ಚಾಗುತ್ತಿದೆ ಅಷ್ಟೇ. ಒತ್ತಿದಾಗ ಗಟ್ಟಿ ಇದ್ದರೆ ಜೀವ ಇದೆ. ಮೊದಲ ವರ್ಷ ಹೂವು ಕಡಿಮೆ ಅಂತ ಬೇಜಾರಾಗಬೇಡಿ.

ಕೀಳುವ ಮುಂಚೆ ಒಂದೂವರೆ ಅಡಿಯ ಮೂರ್ನಾಲ್ಕು ಕೊಂಬೆ ಕತ್ತರಿಸಿ ಇಟ್ಟುಕೊಳ್ಳಿ. ನೆರಳಲ್ಲಿ ಹತ್ತು ದಿನ ಒಣಗಿ, ಕತ್ತರಿಸಿದ ಬಾಯಿ ಗಟ್ಟಿಯಾದ ಮೇಲೆ ಮರಳುಮಣ್ಣಿನ ಕುಂಡದಲ್ಲಿ ಊರಿ. ಬೀಜದ ಗಿಡದಲ್ಲಿ ಹೂವಿನ ಬಣ್ಣ ಬದಲಾಗಬಹುದು, ಕೊಂಬೆಯಿಂದ ಬಂದದ್ದು ಅದೇ ಹೂವು ಬಿಡುತ್ತದೆ.

ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಅಂಗಳದ ಮರ ಆದರೂ ಕೈ ಹಾಕುವ ಮುಂಚೆ ನಿಮ್ಮ ಕಡೆಯ ವೃಕ್ಷ ಅಧಿಕಾರಿಯನ್ನು ಕೇಳಿ. ಮನೆ ಕೊಳ್ಳುವವರಿಗೂ ಮೊದಲೇ ಹೇಳಿ, ಕರಾರಿನಲ್ಲಿ ಬರೆಸಿ. ಗೇಟಿನ ಪಕ್ಕದ ಗುಂಡಿಯನ್ನು ಹಾಗೇ ಬಿಟ್ಟು ಬರಬೇಡಿ. ಮಣ್ಣು ಮುಚ್ಚಿಸಿ, ಒಣಗಿಸಿದ ಕೊಂಬೆಗಳಲ್ಲಿ ಒಂದನ್ನು ಅಲ್ಲೇ ಊರಿ ಬನ್ನಿ. ಕೊಂಡವರು ಬೇಡ ಅನ್ನಲಿಕ್ಕಿಲ್ಲ.