ಸಿಪಿಕೆ ಹೆಚ್ಚಾದರೆ ಹೃದಯಕ್ಕೇ ಪೆಟ್ಟೆ?

ಪ್ರಶ್ನೆ: ಬೆಳಗಾವಿಯ ಗರಡಿಮನೆಯೊಂದರಲ್ಲಿ ಹೊಸದಾಗಿ ತಾಲೀಮು ಶುರು ಮಾಡಿದ್ದೇನೆ. ಅದೇ ವಾರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿಪಿಕೆ 1,400 ಎಂದು ಬಂದಿದೆ. ಇದು ಹೃದಯದ ಕಿಣ್ವ ಎನ್ನುತ್ತಾರೆ. ಹೆದರಬೇಕೆ?

ಉತ್ತರ: ವರದಿಗಳಲ್ಲಿ ಸಿಪಿಕೆ ಎಂದು ಅಚ್ಚಾಗುವ ಕ್ರಿಯಾಟಿನ್ ಕೈನೇಸ್ ಹೃದಯವೊಂದರ ಸೊತ್ತಲ್ಲ. ದೇಹದಲ್ಲಿರುವ ಈ ಕಿಣ್ವದ ಬಹುಪಾಲು ತೊಡೆ, ಬೆನ್ನು, ತೋಳುಗಳ ಸ್ನಾಯುಗಳಲ್ಲಿದೆ.

ಸ್ನಾಯು ಬಿಗಿಯಲು ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಆದರೆ ಪೈಲ್ವಾನನು ಎದುರಾಳಿಯನ್ನು ಎತ್ತಲು ಪೂರ್ತಿ ಬಲ ಹಾಕಿದಾಗ, ಜೀವಕೋಶದಲ್ಲಿ ಸಿದ್ಧವಿರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕಾಗುತ್ತದೆ. ಆಗ ಈ ಕಿಣ್ವವು ಸ್ನಾಯುವಿನಲ್ಲಿ ಕೂಡಿಟ್ಟಿರುವ ಕ್ರಿಯಾಟಿನ್ ಫಾಸ್ಫೇಟಿನಿಂದ ಫಾಸ್ಫೇಟನ್ನು ಬಿಡಿಸಿ, ಎಟಿಪಿ ಖರ್ಚಾದಾಗ ಉಳಿಯುವ ಎಡಿಪಿಗೆ ಜೋಡಿಸಿ, ಎಟಿಪಿಯನ್ನು ಮತ್ತೆ ಒದಗಿಸುತ್ತದೆ. ಬಿಡುವಾದಾಗ ಅದೇ ಕ್ರಿಯೆ ಹಿಮ್ಮುಖವಾಗಿ ನಡೆದು, ಪಡೆದ ಕೈಗಡ ತೀರುತ್ತದೆ. ಜರ್ಮನಿಯ ಕಾರ್ಲ್ ಲೋಮನ್ ಈ ಕ್ರಿಯೆಯನ್ನು ವಿವರಿಸಿದ್ದು 1934ರಲ್ಲಿ.

ಶಕ್ತಿ ಖರ್ಚಾಗುವ ಮತ್ತು ತಯಾರಾಗುವ ಜಾಗಗಳಲ್ಲೇ ಈ ಕಿಣ್ವ ಬೀಡುಬಿಟ್ಟಿರುವುದು ಗಮನಾರ್ಹ. ಸ್ನಾಯುತಂತುವಿನಲ್ಲಿ, ಸ್ನಾಯುವನ್ನು ಬಿಗಿಸುವ ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳನ್ನು ನಡುವೆ ಕಟ್ಟಿಹಿಡಿದಿರುವ ಎಂ-ರೇಖೆಗೆ ಅದರ ಒಂದು ಭಾಗ ಅಂಟಿಕೊಂಡಿದ್ದರೆ, ಇನ್ನೊಂದು ಭಾಗ ಎಟಿಪಿ ಬಳಸಿ ಕ್ಯಾಲ್ಸಿಯಂ ಸಾಗಿಸುವ ಪಂಪುಗಳ ಪಕ್ಕದಲ್ಲಿದೆ. ಉಳಿದ ಬಹಳಷ್ಟು ಕೋಶರಸದಲ್ಲಿ ಕರಗಿದೆ. ಎಟಿಪಿ ತಯಾರಾಗುವ ಮೈಟೊಕಾಂಡ್ರಿಯಾದ ಎರಡು ಪೊರೆಗಳ ನಡುವೆ ಇರುವುದು ಬೇರೆ ಜೀನ್‌ಗಳಿಂದ ಬರುವ ರೂಪ. ಅಲ್ಲಿ ಎಂಟು ಘಟಕಗಳು ಒಂದುಗೂಡಿರುತ್ತವೆ. ಕೋಶರಸದ ಕಿಣ್ವದಲ್ಲಿ ಎಂ ಮತ್ತು ಬಿ ಎಂಬ ಘಟಕಗಳು ಜೋಡಿಯಾಗುತ್ತವೆ: ಕೈಕಾಲಿನ ಸ್ನಾಯುಗಳಲ್ಲಿ ಬಹುತೇಕ ಎಂಎಂ, ಮಿದುಳಿನಲ್ಲಿ ಬಿಬಿ, ಹೃದಯದಲ್ಲಿ ಎಂಎಂ ಜೊತೆಗೆ ಗಣನೀಯ ಪ್ರಮಾಣದ ಎಂಬಿ.

ಕಿಣ್ವದ ಕೆಲಸವೆಲ್ಲ ಜೀವಕೋಶದ ಒಳಗೆ. ರಕ್ತದಲ್ಲಿ ಅದು ಹೆಚ್ಚಿದೆಯೆಂದರೆ ಯಾವುದೋ ಸ್ನಾಯುವಿನ ಕೋಶಪೊರೆ ಸೋರಿದೆ ಎಂದಷ್ಟೇ ಅರ್ಥ. ಯಾವ ಸ್ನಾಯು ಎಂಬುದನ್ನು ಒಟ್ಟು ಸಂಖ್ಯೆ ಹೇಳುವುದಿಲ್ಲ. ಬೈಠಕ್ ಹೊಡೆಯುವಾಗ ಮೇಲೇಳುವುದಕ್ಕಿಂತ ಕೆಳಗಿಳಿಯುವಾಗ, ಅಂದರೆ ತೊಡೆಯ ಸ್ನಾಯು ಭಾರ ಹೊತ್ತೇ ಉದ್ದವಾಗುವಾಗ, ತಂತುಗಳಿಗೆ ಹೆಚ್ಚು ಪೆಟ್ಟಾಗುತ್ತದೆ. ರೂಢಿಯಿಲ್ಲದ ಮೈಗೆ ಇದು ಇನ್ನೂ ಜಾಸ್ತಿ. ಹೀಗೆ ಏರಿದ ಸಿಪಿಕೆ ಸಾಮಾನ್ಯವಾಗಿ 1ರಿಂದ 4 ದಿನಗಳೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ತಾಲೀಮಿನ ವಾರದಲ್ಲಿ 1,400 ಕಾಣುವುದು ಅಪರೂಪವಲ್ಲ. ಸಿಪಿಕೆಯನ್ನು ಹೃದಯದ ಪರೀಕ್ಷೆಗಳ ಪಟ್ಟಿಯಲ್ಲಿ ಸೇರಿಸಿ ಅಚ್ಚು ಹಾಕುವ ರೂಢಿಯೇ ಇಂಥ ಗಾಬರಿಗೆ ಅರ್ಧ ಕಾರಣವೆಂದು ನನಗನಿಸುತ್ತದೆ. ಹೃದಯಾಘಾತದ ಶಂಕೆಯಿದ್ದಾಗ ಇಂದು ವೈದ್ಯರು ನೆಚ್ಚುವುದು ಇಸಿಜಿ ಮತ್ತು ಹೃದಯದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಟ್ರೊಪೊನಿನ್ ಎಂಬ ಪ್ರೋಟೀನಿನ ಪರೀಕ್ಷೆಗಳನ್ನು.

ಹಾಗೆಂದು ವರದಿಯನ್ನು ಮಡಚಿಟ್ಟು ಸುಮ್ಮನಿರಬಾರದು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ಬಾತು ಸೋತುಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸಬಲ್ಲದು. ಎದೆನೋವಿದ್ದರೆ ಸಿಪಿಕೆ ಇಳಿಯಲೆಂದು ಕಾಯಬಾರದು. ಇವೇನೂ ಇಲ್ಲದಿದ್ದರೆ, ವರದಿಯನ್ನು ವೈದ್ಯರಿಗೆ ತೋರಿಸಿ, ಒಂದು ವಾರ ತಾಲೀಮು ನಿಲ್ಲಿಸಿ ಮತ್ತೆ ಪರೀಕ್ಷಿಸುವ ಬಗ್ಗೆ ಕೇಳಿರಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದರೆ, ಇತ್ತೀಚೆಗೆ ಸ್ನಾಯುವಿಗೆ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿರಿ. ಎರಡರಿಂದಲೂ ಸಿಪಿಕೆ ಏರಬಹುದು.