ತೀರ್ಪು ನ್ಯಾಯಾಧೀಶರದು, ಶಿಕ್ಷೆ ಬೀದಿಯವರದು: ‘ಪಿಲರಿ’ಯ ಹಿನ್ನೆಲೆ

ಮಂತ್ರಿಯೋ ಕ್ರಿಕೆಟಿಗನೋ ‘ಪಿಲರೀಡ್’ ಆದ ಎಂದು ಇಂಗ್ಲಿಷ್ ಪತ್ರಿಕೆಗಳು ಬರೆಯುತ್ತವೆ. ಊರೆದುರು ಮಾನ ಹರಾಜಾಯಿತು ಎಂದು ತಿಳಿದುಕೊಂಡು ನಾವು ಮುಂದಿನ ಸುದ್ದಿಗೆ ಹೋಗುತ್ತೇವೆ. ಅರ್ಥವೇನೋ ಸರಿಯೇ. ಈಚೆಗೆ ಜಾಲತಾಣಗಳಲ್ಲಿ ಯಾರ ಮೇಲಾದರೂ ಜನ ಮುಗಿಬಿದ್ದಾಗಲೂ ಇದೇ ಮಾತು ಬರುತ್ತದೆ. ಇದು ಮಧ್ಯಯುಗದ ಕ್ರೌರ್ಯ ಎನ್ನುವವರು ಒಂದು ಕಡೆ, ತಪ್ಪು ಮಾಡಿದವರಿಗೆ ಹೀಗೇ ಆಗಬೇಕು ಎನ್ನುವವರು ಇನ್ನೊಂದು ಕಡೆ. ಪಿಲರಿಯ ನಿಜವಾದ ಚರಿತ್ರೆ ಈ ಇಬ್ಬರಿಗೂ ಅಷ್ಟಾಗಿ ಒಗ್ಗುವುದಿಲ್ಲ.

ಪಿಲರಿ ಎಂದರೆ ಎತ್ತರದ ಕಟ್ಟೆಯ ಮೇಲೆ ನೆಟ್ಟ ಕಂಬ, ಅದಕ್ಕೆ ಬಿಗಿದ ಎರಡು ಹಲಗೆ, ಹಲಗೆಗಳ ನಡುವೆ ತಲೆಗೊಂದು ತೂತು, ಕೈಗಳಿಗೆ ಎರಡು. ಕಾಲನ್ನು ಸಿಕ್ಕಿಸಿ ಕೂರಿಸುವ ಮರದ ಕೋಳ ಬೇರೆಯದು. ಅದರಲ್ಲಿ ಸಿಕ್ಕವನ ಕೈಗಳಾದರೂ ಬಿಡುವಾಗಿರುತ್ತಿದ್ದವು, ಬಂದ ಕಲ್ಲಿಗೆ ಅಡ್ಡ ಹಿಡಿಯಬಹುದಿತ್ತು. ಪಿಲರಿಯಲ್ಲಿ ನಿಂತವನಿಗೆ ಮುಖ ತಿರುಗಿಸಲೂ ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಒಂದು ಗಂಟೆಯ ಶಿಕ್ಷೆ. ಸಂತೆಯ ಜಾಗ, ಹಗಲು ಹೊತ್ತು, ಜನ ಸೇರುವ ಸಮಯ ನೋಡಿಯೇ ನಿಲ್ಲಿಸುತ್ತಿದ್ದರು.

13ನೆಯ ಶತಮಾನದ ಇಂಗ್ಲೆಂಡಿನ ಕಾನೂನಿನಲ್ಲಿ ಇದು ತೂಕದಲ್ಲಿ ಮೋಸ ಮಾಡುವ ರೊಟ್ಟಿಯವರಂಥವರಿಗೆ ಇದ್ದ ಶಿಕ್ಷೆ. ನಾಲ್ಕು ಶತಮಾನ ಕಳೆಯುವಷ್ಟರಲ್ಲಿ ಬರಹಗಾರರೂ ಅದೇ ಹಲಗೆಗೆ ಕತ್ತು ಕೊಡಬೇಕಾಗಿ ಬಂತು. 1637ರಲ್ಲಿ ವಿಲಿಯಂ ಪ್ರಿನ್, ಹೆನ್ರಿ ಬರ್ಟನ್, ಜಾನ್ ಬ್ಯಾಸ್ಟ್‌ವಿಕ್ ಎಂಬ ಮೂವರನ್ನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಿಲರಿಗೇರಿಸಿ ಕಿವಿ ಕೊಯ್ದರು. ಬಿಷಪ್ಪರ ವಿರುದ್ಧ ಬರೆದದ್ದು ಅಪರಾಧ. ಪ್ರಿನ್‌ನ ಕೆನ್ನೆಗಳ ಮೇಲೆ ಅಕ್ಷರಗಳ ಬರೆಯನ್ನೂ ಹಾಕಿದರು. ಮರುವರ್ಷ ಜಾನ್ ಲಿಲ್‌ಬರ್ನ್ ಎಂಬ ಯುವಕ ಪಿಲರಿಯ ಮೇಲಿಂದಲೇ ಭಾಷಣ ಮಾಡಿ, ನಿಷೇಧಿತ ಕರಪತ್ರಗಳನ್ನು ಜನರತ್ತ ಎಸೆದ. ಅವಮಾನಕ್ಕೆಂದು ಕಟ್ಟಿದ ಕಟ್ಟೆ ಒಳ್ಳೆಯ ವೇದಿಕೆಯೂ ಆಗಬಲ್ಲದು ಎಂಬುದು ಆಳುವವರಿಗೆ ಅಂದೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಮುಂದೆ ಕಾದಂಬರಿಕಾರನೆಂದು ಹೆಸರಾದ ಡೇನಿಯಲ್ ಡಿಫೋನ ಪ್ರಕರಣ 1703ರದು. ಅಧಿಕೃತ ಚರ್ಚನ್ನು ಒಪ್ಪದವರನ್ನೆಲ್ಲ ನಿರ್ನಾಮ ಮಾಡಿಬಿಡಿ ಎಂದು, ಕಟ್ಟಾ ಚರ್ಚಿನವರ ದನಿಯನ್ನೇ ಅನುಕರಿಸಿ ಆತ ಹೆಸರು ಹಾಕದೆ ಒಂದು ಕಿರುಹೊತ್ತಗೆ ಬರೆದಿದ್ದ. ಅದು ವ್ಯಂಗ್ಯವೆಂದು ಹೊಳೆಯದೆ ಕೆಲವರು ಮೆಚ್ಚಿ ತಲೆದೂಗಿದ್ದರು. ಹೊಳೆದ ಮೇಲೆ ಸಿಟ್ಟು ಇಮ್ಮಡಿಯಾಯಿತು. ಹಿಡಿದುಕೊಟ್ಟವರಿಗೆ 50 ಪೌಂಡ್ ಎಂದು ಸರ್ಕಾರಿ ಗೆಜೆಟ್ ಸಾರಿತು. ಕೊಕ್ಕೆ ಮೂಗು, ಚೂಪು ಗಲ್ಲ, ಬಾಯಿಯ ಬಳಿ ದೊಡ್ಡ ಮಚ್ಚೆ ಎಂದು ಚಹರೆಯನ್ನೂ ಕೊಟ್ಟಿತು. (ಡಿಫೋ ಹೇಗಿದ್ದ ಎಂಬುದು ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವುದು ಆ ಪ್ರಕಟಣೆಯ ಪುಣ್ಯ.) ಜುಲೈ 29, 30, 31ರಂದು ಕಾರ್ನ್‌ಹಿಲ್, ಚೀಪ್‌ಸೈಡ್, ಟೆಂಪಲ್ ಬಾರ್‌ಗಳಲ್ಲಿ ಆತನನ್ನು ನಿಲ್ಲಿಸಿದರು. ಪಿಲರಿಯನ್ನೇ ಕುರಿತು ಆತ ಬರೆದ ಕವನ ಅಷ್ಟರಲ್ಲಿ ಅಚ್ಚಾಗಿತ್ತು, ನೆರೆದವರ ನಡುವೆ ಮಾರಾಟವೂ ಆಯಿತು. ಜನ ಕೊಳೆತದ್ದನ್ನು ಬಿಟ್ಟು ಹೂವು ಎಸೆದರೆಂಬ ಕಥೆ ಇದೆ. ಆತನಿಗೆ ಪೆಟ್ಟು ಬೀಳಲಿಲ್ಲ ಎಂಬುದಂತೂ ಖಚಿತ.

ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಬಹುಮಾನದ ಆಸೆಗೆ ಅಮಾಯಕರ ಮೇಲೆ ದರೋಡೆಯ ಸುಳ್ಳು ಆರೋಪ ಹೊರಿಸುತ್ತಿದ್ದ ಜಾನ್ ವಾಲರ್ 1732ರಲ್ಲಿ ಸೆವೆನ್ ಡಯಲ್ಸ್‌ನಲ್ಲಿ ನಿಂತ. ಗುಂಪು ಅವನನ್ನು ಕೆಳಗೆಳೆದು ಬಡಿದು ಕೊಂದಿತು. ಕೊಂದವರಲ್ಲಿ ಒಬ್ಬ, ವಾಲರ್‌ನ ಸಾಕ್ಷ್ಯದಿಂದ ನೇಣಿಗೇರಿದ್ದವನ ಒಡಹುಟ್ಟಿದವನು. ಅದೇ ಲಂಡನ್ನಿನಲ್ಲಿ 1765ರಲ್ಲಿ, ಸರ್ಕಾರದ ಟೀಕೆಯನ್ನು ಮರುಮುದ್ರಿಸಿದ ಪುಸ್ತಕ ವ್ಯಾಪಾರಿ ಜಾನ್ ವಿಲಿಯಮ್ಸ್‌ನಿಗೆ ಜೈಕಾರ ಹಾಕಿದ ಜನ, ಸ್ಥಳದಲ್ಲೇ 200 ಪೌಂಡಿಗೂ ಮೇಲ್ಪಟ್ಟು ಚಂದಾ ಎತ್ತಿಕೊಟ್ಟರು. 1780ರಲ್ಲಿ ಸೌತ್‌ವರ್ಕ್‌ನಲ್ಲಿ, ಸಲಿಂಗಕಾಮದ ಆರೋಪದಲ್ಲಿ ನಿಂತ ವಿಲಿಯಂ ಸ್ಮಿತ್ ಪಿಲರಿಯಲ್ಲೇ ಸತ್ತ. ಇದನ್ನು ಸಂಸತ್ತಿನಲ್ಲಿ ಪ್ರಶ್ನಿಸಿದ ಎಡ್ಮಂಡ್ ಬರ್ಕ್‌ನನ್ನೇ ಪತ್ರಿಕೆಗಳು ಹೀಯಾಳಿಸಿದವು. ಆತ ಮಾನಹಾನಿ ಮೊಕದ್ದಮೆ ಹೂಡಬೇಕಾಯಿತು. 1810ರಲ್ಲಿ ಹೇಮಾರ್ಕೆಟ್‌ನಲ್ಲಿ ಅಂಥದೇ ಆರೋಪದ ಆರು ಜನರನ್ನು ನಿಲ್ಲಿಸಿದಾಗ ಎಸೆಯಲೆಂದೇ ಕೆಸರು, ಮೀನಿನ ತ್ಯಾಜ್ಯ, ಸತ್ತ ಬೆಕ್ಕುಗಳು ಸಿದ್ಧವಾಗಿದ್ದವು.

ಕಾಗದದ ಮೇಲೆ ಎಲ್ಲರದೂ ಬಹುಮಟ್ಟಿಗೆ ಒಂದೇ ಶಿಕ್ಷೆ. ಒಬ್ಬನಿಗೆ ಹಣ, ಇನ್ನೊಬ್ಬನಿಗೆ ಸಾವು. ಎಷ್ಟು ಶಿಕ್ಷೆ ಎಂಬುದನ್ನು ನ್ಯಾಯಾಲಯ ಬೀದಿಯಲ್ಲಿ ನಿಂತವರಿಗೆ ಬಿಟ್ಟುಕೊಟ್ಟಿತ್ತು, ಅದಕ್ಕೆ ಯಾರೂ ಲೆಕ್ಕ ಕೊಡಬೇಕಾಗಿರಲಿಲ್ಲ. ವಾಲರ್‌ನ ಕೊಲೆಗಾರರಿಗೆ ನೇಣಾದದ್ದು ಅಪರೂಪದ ಮಾತು.

ಮನುಷ್ಯತ್ವ ಬೆಳೆದು ಪಿಲರಿ ಹೋಯಿತು ಎಂದು ಹೇಳುವುದುಂಟು. ಅದು ಪೂರ್ತಿ ಸುಳ್ಳಲ್ಲ, ಆದರೆ ಜನ ಯಾರ ಪಕ್ಷ ವಹಿಸುತ್ತಾರೋ ಎಂಬ ಅಂಜಿಕೆಯೂ ಕಡಿಮೆ ಇರಲಿಲ್ಲ. 1812ರಲ್ಲಿ ಕ್ರಾಂತಿಕಾರಿ ಚಿಂತಕ ಥಾಮಸ್ ಪೇನ್‌ನ ಬರಹ ಪ್ರಕಟಿಸಿದ್ದಕ್ಕೆ ನಿಂತ ಮುದುಕ ಡೇನಿಯಲ್ ಐಸಾಕ್ ಈಟನ್‌ನನ್ನು ಗುಂಪು ಹುರಿದುಂಬಿಸಿತು. 1814ರಲ್ಲಿ ಷೇರು ವಂಚನೆಯ ಆರೋಪ ಹೊತ್ತ ನೌಕಾಪಡೆಯ ವೀರ ಲಾರ್ಡ್ ಕಾಕ್ರನ್‌ಗೆ ಪಿಲರಿ ವಿಧಿಸಿ, ಗಲಭೆಯಾದೀತೆಂದು ಆ ಭಾಗವನ್ನು ಕೈಬಿಟ್ಟರು. ಎರಡೇ ವರ್ಷದಲ್ಲಿ, 1816ರಲ್ಲಿ, ಸುಳ್ಳು ಸಾಕ್ಷ್ಯದ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ಪಿಲರಿ ರದ್ದಾಯಿತು. ಲಂಡನ್ನಿನಲ್ಲಿ ಕೊನೆಯ ಬಾರಿಗೆ ಒಬ್ಬನನ್ನು ನಿಲ್ಲಿಸಿದ್ದು 1830ರಲ್ಲಿ, ಪೂರ್ತಿ ರದ್ದಾದದ್ದು 1837ರಲ್ಲಿ.

ಅಮೆರಿಕದ ಡೆಲವೇರ್ ರಾಜ್ಯ ಮಾತ್ರ 1905ರವರೆಗೂ ಪಿಲರಿಯನ್ನು ಉಳಿಸಿಕೊಂಡಿತ್ತು. ಅದನ್ನು ತೆಗೆದ ಮೇಲೂ ಚಾಟಿಯೇಟಿನ ಕಂಬ ಅಲ್ಲಿನ ಕಾನೂನಿನಲ್ಲಿ 1972ರ ತನಕ ಇತ್ತು.