ತಿಳಿನೀರಿನ ಸೊಳ್ಳೆ

ಚರಂಡಿ ನಾರುತ್ತಿದ್ದರೆ ಸಾಕು, ಮಲೇರಿಯಾ ಬರುತ್ತೆ ಅಂತೀವಿ ಅಲ್ವಾ? ನಮ್ಮ ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ಚಳಿಜ್ವರಕ್ಕೂ ಚರಂಡಿಗೂ ಸಂಬಂಧವೇ ಇರಲಿಲ್ಲ. ಅದನ್ನು ಹರಡುತ್ತಿದ್ದದ್ದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ. ಅದಕ್ಕೆ ಬೇಕಾದದ್ದು ಮೆಲ್ಲಗೆ ಹರಿಯುವ ತಿಳಿನೀರಿನ ಹಳ್ಳ, ಅಂಚಿನಲ್ಲಿ ನೀರಿಗೆ ಬಾಗಿದ ಹುಲ್ಲು. ಜೋರು ಮಳೆಯಲ್ಲಿ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ನಿಂತು ಹರಿವು ತಗ್ಗಿದ ಮೇಲೆ ಮತ್ತೆ ಹೆಚ್ಚುತ್ತವೆ. ಕಾಫಿ ಕೊಯ್ಲು ಶುರುವಾಗೋದೂ ಆಗಲೇ, ತೋಟದ ಕೂಲಿಯವರ ಲೈನ್ ಮನೆಗಳು ತುಂಬೋದೂ ಆಗಲೇ.

ಹೋದ ನವೆಂಬರ್‌ನಲ್ಲಿ ನಮ್ಮ ಹಳ್ಳದ ಅಂಚಿನ ನೀರನ್ನು ಬಿಳಿ ಬಟ್ಟಲಲ್ಲಿ ಮೊಗೆದು ನೋಡಿದೆ. ಅಕ್ಕಿಕಾಳಿಗಿಂತ ಚಿಕ್ಕ ನಾಲ್ಕು ಮರಿಗಳು, ತೇಲುವ ಕಡ್ಡಿಚೂರಿನ ಹಾಗೆ ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು. ಬಚ್ಚಲ ಹಿಂದಿನ ಡ್ರಮ್ಮಿನಲ್ಲಿ ಕಾಣುವ ಮರಿಗಳು ಹೀಗಲ್ಲ, ತಲೆ ಕೆಳಗಾಗಿ ನೇತಾಡುತ್ತವೆ, ಯಾಕೆಂದರೆ ಅವಕ್ಕೆ ಬಾಲದ ಹತ್ತಿರ ಉಸಿರಾಡಲು ಒಂದು ಕೊಳವೆ ಇದೆ. ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ, ಮೈಯನ್ನೇ ಮೇಲಕ್ಕೆ ತಂದು ಮಲಗಬೇಕು. ನನ್ನ ಕೈನೆರಳು ಬಿದ್ದದ್ದೇ ತಡ, ನಾಲ್ಕೂ ತಳಕ್ಕಿಳಿದವು.

ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆಗೆ ಅದಕ್ಕೆ ರಕ್ತ ಬೇಕು. ಆದರೆ ರೋಗಿಯನ್ನು ಕಚ್ಚಿದ ತಕ್ಷಣ ಅದು ಇನ್ನೊಬ್ಬರಿಗೆ ರೋಗ ಹಚ್ಚಲಾರದು. ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಸೇರಲು ಸುಮಾರು 10ರಿಂದ 14 ದಿನ ಹಿಡಿಯುತ್ತೆ. ಅಷ್ಟು ದಿನ ಆ ಸೊಳ್ಳೆ ಬದುಕಿರಬೇಕು. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸೋದು ಇದೇ. ರಕ್ತ ಕುಡಿದು ಭಾರವಾದ ಸೊಳ್ಳೆ ಮನೆಯ ಗೋಡೆ ಮೇಲೆ ಕೂರುತ್ತೆ. 1953ರಲ್ಲಿ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಹಳ್ಳಿಮನೆಗಳ ಒಳಗೋಡೆಗೆ ಡಿಡಿಟಿ ಎಂಬ ಕೀಟನಾಶಕ ಹೊಡೆದದ್ದು ಅದಕ್ಕೇ. ಎಲ್ಲಾ ಸೊಳ್ಳೆಗಳನ್ನೂ ಮುಗಿಸಬೇಕಿರಲಿಲ್ಲ, ಹತ್ತು ದಿನ ದಾಟದಂತೆ ಮಾಡಿದರೆ ಸಾಕಿತ್ತು. ಚಳಿಜ್ವರಕ್ಕೆ ಹೆದರಿ ಮಲೆನಾಡಿಗೆ ಹೆಣ್ಣು ಕೊಡುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಆ ಹೆದರಿಕೆ ಹೋದದ್ದು ಗೋಡೆಯ ಮೇಲೆ ಡಿಡಿಟಿ ಬಿಟ್ಟ ಬಿಳಿ ಕಲೆಗಳಿಂದ.

ಪೇಟೆಯಲ್ಲಿ ಇದರ ದಾಯಾದಿ ಅನಾಫಿಲಿಸ್ ಸ್ಟೀಫೆನ್ಸಿ ಇದೆ. ಅದಕ್ಕೂ ತಿಳಿನೀರೇ ಬೇಕು, ಆದರೆ ನಿಂತ ನೀರು. ಬಾವಿ, ಸಂಪು, ತಾರಸಿ ಮೇಲಿನ ಟ್ಯಾಂಕು, ಕಟ್ಟಡದ ಕೆಲಸಕ್ಕೆ ತುಂಬಿಟ್ಟ ತೊಟ್ಟಿ. ನಮ್ಮ ಕಡೆಯವರು ಕೆಲಸಕ್ಕೆ ಹೋಗಿಬರುವ ಮಂಗಳೂರಿನಲ್ಲಿ ಮಲೇರಿಯಾ ಹರಡಿದ್ದು ಇದರಿಂದಲೇ. ಅಲ್ಲಿಂದ ಬಂದವರಿಗೆ ಚಳಿ, ನಡುಕ, ಜ್ವರ ಬಂದರೆ ಸುಮ್ನೆ ಕಷಾಯ ಕುಡಿಸಿ ಕೂರಿಸಬೇಡಿ, ಅವತ್ತೇ ರಕ್ತಪರೀಕ್ಷೆ ಮಾಡಿಸಿ.

ನಿನ್ನೆ ಏಣಿ ಹಾಕಿ ನಮ್ಮ ಟ್ಯಾಂಕ್ ನೋಡಿದೆ. ಮುಚ್ಚಳ ಒಂದು ಮೂಲೆಯಲ್ಲಿ ಎರಡು ಬೆರಳಷ್ಟು ಒಡೆದಿತ್ತು. ಹಳೇ ಸೊಳ್ಳೆಪರದೆ ಹರಿದು ಬಿಗಿಯಾಗಿ ಕಟ್ಟಿದ್ದೀನಿ.